ತಂಗಿಗೆ, ಪಿಆರ್ ಕೆಲಸದ ಬಗ್ಗೆ

ಲಂಡನ್

ಪ್ರೀತಿಯ ಪುಟ್ಟಿ,

ನಾನು ಕ್ಷೇಮ. ಅಲ್ಲಿ ಅಪ್ಪ, ಅಮ್ಮ, ನೀನು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಡಿಗ್ರಿ ಮುಗಿದ ಮೇಲೆ ಪಬ್ಲಿಕ್ ರಿಲೇಷನ್ಸ್ (ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕ) ಕಡೆ ಹೋಗಲಾ ಅಂತ ಕೇಳಿದ್ದೀಯ. ಜೊತೆಗೆ, "ದುಡ್ಡು ತಗೊಂಡು ಬೇರೆಯವರ ಪರ ಸುಳ್ಳು ಹೇಳೋ ಕೆಲಸ ಅಲ್ವಾ ಅದು ಅಂತ ಅಪ್ಪ ಕೇಳ್ತಿದ್ದಾರೆ" ಅಂತಲೂ ಬರೆದಿದ್ದೀಯ. ಫೋನಿನಲ್ಲಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಅಪ್ಪನ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಈ ವೃತ್ತಿಗೆ ಕೆಟ್ಟ ಹೆಸರು ತಂದ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ, ನೇರ ಸುಳ್ಳಿಗಿಂತ ಹೆಚ್ಚಾಗಿ ಕಾಣುವುದು ಇನ್ನೊಂದು: ಮಾತಾಡುವ ಬಾಯಿ ಒಬ್ಬರದು, ದುಡ್ಡು ಮತ್ತೊಬ್ಬರದು, ಆ ಮತ್ತೊಬ್ಬರು ಯಾರೆಂದು ಕೇಳುವವರಿಗೆ ಗೊತ್ತೇ ಇರುವುದಿಲ್ಲ. 1929ರಲ್ಲಿ ನ್ಯೂಯಾರ್ಕ್‌ನ ಈಸ್ಟರ್ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಪತ್ರಿಕೆಗಳು ಅದನ್ನು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಸುದ್ದಿಯಾಗಿ ಬರೆದವು. ಅದನ್ನು ಏರ್ಪಡಿಸಿದವನು ಎಡ್ವರ್ಡ್ ಬರ್ನೇಸ್ ಎಂಬ ಪಿಆರ್ ಸಲಹೆಗಾರ, ಅವನಿಗೆ ಸಂಭಾವನೆ ಕೊಟ್ಟದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. 1990ರ ಅಕ್ಟೋಬರ್‌ನಲ್ಲಿ 15 ವರ್ಷದ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮಾನವ ಹಕ್ಕುಗಳ ಗುಂಪಿನ ಮುಂದೆ ನಿಂತು, ಇರಾಕಿ ಸೈನಿಕರು ಕುವೈತ್‌ನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ನಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದು ಅಳುತ್ತ ಹೇಳಿದಳು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂಬುದು ಹೊರಬಂದದ್ದು 1992ರ ಜನವರಿಯಲ್ಲಿ, ಇರಾಕ್ ವಿರುದ್ಧದ ಕೊಲ್ಲಿ ಯುದ್ಧವೆಲ್ಲ ಮುಗಿದ ಮೇಲೆ. ಹಿಂದೆ ನಿಂತು ನಡೆಸಿದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆ. ಅದನ್ನು ನೇಮಿಸಿಕೊಂಡದ್ದು ನಾಗರಿಕರ ಸಂಘಟನೆ ಎಂಬ ಹೆಸರಿನ ಗುಂಪು, ಆದರೆ ಆ ಗುಂಪಿನ ಹಣದ ಬಹುಪಾಲು ಕುವೈತ್ ಸರ್ಕಾರದ್ದು. ಆ ಸಂಸದರ ಗುಂಪು ಅಧಿಕೃತ ಸಮಿತಿಯಾಗಿರಲಿಲ್ಲ, ಹಾಗಾಗಿ ಹುಡುಗಿ ಪ್ರಮಾಣ ಮಾಡಿ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಜಾಗವನ್ನು ಎಷ್ಟು ನೋಡಿ ಆರಿಸಿದ್ದರು ಗಮನಿಸು.

ವಿಚಿತ್ರವೆಂದರೆ ಬಚ್ಚಿಡಬಾರದು ಅನ್ನುವ ಮಾತು ಈ ವೃತ್ತಿಯಷ್ಟೇ ಹಳೆಯದು. 1906ರಲ್ಲೇ, ಈ ವೃತ್ತಿಯ ಮೊದಲಿಗರಲ್ಲಿ ಒಬ್ಬನಾದ ಅಮೆರಿಕದ ಐವಿ ಲೀ ಪತ್ರಕರ್ತರಿಗೆ ಕಳಿಸಿದ ಘೋಷಣೆಯಲ್ಲಿ, ನಮ್ಮದು ಗುಟ್ಟಿನ ಕಚೇರಿಯಲ್ಲ, ಎಲ್ಲ ಕೆಲಸವೂ ಬಹಿರಂಗ ಎಂದು ಬರೆದಿದ್ದ. ಅದೇ ಲೀ, ಹಿಟ್ಲರ್ ಕಾಲದ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಗೆ ಕೆಲಸ ಮಾಡಿದ್ದಕ್ಕೆ 1934ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಉತ್ತರಿಸಬೇಕಾಯಿತು. ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರು ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂಬ ಕಾನೂನು ಅಲ್ಲಿ 1938ರಲ್ಲಿ ಬಂತು.

ಇನ್ನೊಂದು ವಿಷಯ ಅಪ್ಪನಿಗೆ ಆಶ್ಚರ್ಯವಾಗಬಹುದು. ವಕೀಲರಿಗೆ, ವೈದ್ಯರಿಗೆ ಇರುವಂಥ ಲೈಸೆನ್ಸ್ ಈ ಕೆಲಸಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಪಿಆರ್‌ನವರ ಅಂತರರಾಷ್ಟ್ರೀಯ ಸಂಘದ ಅಥೆನ್ಸ್ ನೀತಿಸಂಹಿತೆ 1965ರದು, ಅಮೆರಿಕದ ಪಿಆರ್ ಸಂಘದ ಸಂಹಿತೆಯ ಹೊಸ ರೂಪ 2000ದ್ದು, ಇಲ್ಲಿ ಬ್ರಿಟನ್ನಿನ ವೃತ್ತಿಸಂಸ್ಥೆಗೆ 2005ರಲ್ಲಿ ರಾಜಮನೆತನದ ಸನ್ನದು ಸಿಕ್ಕಿದೆ. ಆದರೆ ಇವೆಲ್ಲ ಸದಸ್ಯರಾದವರಿಗೆ ಮಾತ್ರ, ಸದಸ್ಯತ್ವ ಕಡ್ಡಾಯವಲ್ಲ. ಸಂಘದಿಂದ ಹೊರಹಾಕುವುದೇ ದೊಡ್ಡ ಶಿಕ್ಷೆ. ಅದೂ ಕೆಲವೊಮ್ಮೆ ಜೋರಾಗಿಯೇ ತಾಗುತ್ತದೆ: ದಕ್ಷಿಣ ಆಫ್ರಿಕಾದಲ್ಲಿ ಗುಪ್ತಾ ಎಂಬ ಭಾರತ ಮೂಲದ ಉದ್ಯಮಿ ಕುಟುಂಬದ ಓಕ್‌ಬೇ ಕಂಪನಿಯ ಪರವಾಗಿ ಜನಾಂಗೀಯ ದ್ವೇಷ ಕೆರಳಿಸುವಂಥ ಪ್ರಚಾರ ಮಾಡಿದ್ದಕ್ಕೆ ಲಂಡನ್ನಿನ ಬೆಲ್ ಪಾಟಿಂಜರ್ ಸಂಸ್ಥೆಯನ್ನು 2017ರ ಸೆಪ್ಟೆಂಬರ್‌ನಲ್ಲಿ ಅದರ ಸಂಘ ಹೊರಹಾಕಿತು. ಗ್ರಾಹಕರು ಒಬ್ಬೊಬ್ಬರಾಗಿ ಕೈಬಿಟ್ಟರು, ಕೆಲವೇ ದಿನಗಳಲ್ಲಿ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಈಗ ನಿನ್ನ ಪ್ರಶ್ನೆ: ಯಾವ ದಾರಿ? ಸಂಬಳ, ಊರು, ಹುದ್ದೆಯ ಹೆಸರು ನೋಡಿ ಆರಿಸುವವರೇ ಹೆಚ್ಚು. ನನ್ನ ಕೇಳಿದರೆ, ಪ್ರತಿಯೊಂದು ದಾರಿಯಲ್ಲೂ ಎಲ್ಲಿ ಕಾಲು ಜಾರುತ್ತದೆ ಅನ್ನುವುದನ್ನು ಮೊದಲು ನೋಡು.

ಏಜೆನ್ಸಿ (ಬೇರೆ ಬೇರೆ ಕಂಪನಿಗಳಿಗೆ ಪಿಆರ್ ಮಾಡಿಕೊಡುವ ಸಂಸ್ಥೆ) ಅಂದರೆ ಒಬ್ಬಳೇ ನಾಲ್ಕೈದು ಕ್ಲೈಂಟ್‌ಗಳನ್ನು ನೋಡಿಕೊಳ್ಳುವುದು. ಮೊದಲ ವರ್ಷ ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆ, ಟಿವಿ, ಆನ್‌ಲೈನ್ ಸುದ್ದಿ ಸೋಸಿ ಕ್ಲೈಂಟ್ ಆಫೀಸಿಗೆ ಬರುವ ಮೊದಲೇ ಸಾರಾಂಶ ಕಳಿಸಬೇಕು. ಪತ್ರಕರ್ತರ ಪಟ್ಟಿ ಹೊಸದಾಗಿಡಬೇಕು (ಅರ್ಧಕ್ಕರ್ಧ ಜನ ಬೀಟ್, ಅಂದರೆ ತಾವು ವರದಿ ಮಾಡುವ ಕ್ಷೇತ್ರ, ಬದಲಾಯಿಸಿರುತ್ತಾರೆ). ಯಾವ ಕ್ಲೈಂಟ್‌ಗೆ ಎಷ್ಟು ಗಂಟೆ ಹೋಯಿತು ಅಂತ ಟೈಮ್‌ಶೀಟ್ ತುಂಬಬೇಕು. ಬೇಗ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಜಾರುವ ಜಾಗ: ಸುದ್ದಿಯೇ ಇಲ್ಲದ ತಿಂಗಳಲ್ಲೂ ಫೀಸಿಗೆ ತಕ್ಕ "ಕವರೇಜ್" ತೋರಿಸಬೇಕಾಗುತ್ತದೆ. ಆಗಲೇ ಸುಳ್ಳು ಸರ್ವೆ, ದುಡ್ಡು ಕೊಟ್ಟು ಹಾಕಿಸಿದ "ಸುದ್ದಿ", ಸಿಬ್ಬಂದಿಯಿಂದಲೇ ಬರೆಸಿದ ರಿವ್ಯೂ ಎಲ್ಲ ಹುಟ್ಟುವುದು. ಕ್ಲೈಂಟ್‌ನ ವಿಕಿಪೀಡಿಯ ಪುಟ ತಿದ್ದುವ ಕೆಲಸ ಸಾಮಾನ್ಯವಾಗಿ ಆಫೀಸಿನಲ್ಲಿ ಎಲ್ಲರಿಗಿಂತ ಕಿರಿಯರ ತಲೆಗೇ ಬರುತ್ತದೆ. ದುಡ್ಡು ಪಡೆದು ತಿದ್ದುವವರು ಅದನ್ನು ಹೇಳಿಕೊಳ್ಳಲೇಬೇಕು ಎಂಬುದು 2014ರಿಂದ ಅಲ್ಲಿನ ನಿಯಮ. ಸರಿಯಾದ ದಾರಿ ಇಷ್ಟೇ: ನಿನ್ನ ಖಾತೆಯಲ್ಲಿ ಯಾರ ಪರ ಅಂತ ಬರೆದು, ಚರ್ಚಾಪುಟದಲ್ಲಿ ಮೂಲದ ಸಮೇತ ಬದಲಾವಣೆ ಕೇಳು, ಲೇಖನವನ್ನು ನೀನೇ ಮುಟ್ಟಬೇಡ.

ಕಂಪನಿಯೊಳಗಿನ ಸಂವಹನ ವಿಭಾಗದಲ್ಲಿ ಒಂದೇ ವಿಷಯ, ಆಳವಾಗಿ. ಇಲ್ಲಿ ಅಪಾಯ ಸುಳ್ಳಿಗಿಂತ ಮೌನದಲ್ಲಿದೆ. ಸಹೋದ್ಯೋಗಿಗಳು ಕಣ್ಣೆದುರಿಗೇ ಇರುವುದರಿಂದ ಗೊತ್ತಿದ್ದೂ ಸುಮ್ಮನಿರುವುದು ಸುಲಭ. ಸಿಬ್ಬಂದಿಗೆ ಬರೆಯುವ ಪತ್ರವೂ ಹೊರಗಿನವರ ಕೈಗೆ ಸಿಗುತ್ತದೆ ಅಂತಲೇ ಬರೆಯಬೇಕು. 2017ರ ಏಪ್ರಿಲ್ 9ರಂದು ಯುನೈಟೆಡ್ ಏರ್‌ಲೈನ್ಸ್ ವಿಮಾನದಿಂದ ಪ್ರಯಾಣಿಕರೊಬ್ಬರನ್ನು ಎಳೆದು ಹೊರಹಾಕಿದರು. ಮರುದಿನ ಸಿಇಒ ಹೇಳಿಕೆಯಲ್ಲಿ ಪ್ರಯಾಣಿಕರಿಗೆ "ಮರು ವ್ಯವಸ್ಥೆ" ಮಾಡಬೇಕಾಯಿತು ಎಂಬರ್ಥದ ಮಾತಿತ್ತು, ಸಿಬ್ಬಂದಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕರನ್ನೇ ಜಗಳಗಂಟ ಎಂಬಂತೆ ಬಣ್ಣಿಸಿದ್ದರು. ಪತ್ರ ಹೊರಬಿತ್ತು. ವಿಡಿಯೊ ಅಷ್ಟರಲ್ಲಿ ಎಲ್ಲರೂ ನೋಡಿದ್ದರು. ಏಪ್ರಿಲ್ 11ರಂದು ಪೂರ್ತಿ ಕ್ಷಮೆ ಕೇಳಬೇಕಾಯಿತು.

ಹೂಡಿಕೆದಾರರ ಸಂಪರ್ಕದಲ್ಲಿ ಕಂಪನಿಯ ಫಲಿತಾಂಶ ಎಲ್ಲರಿಗಿಂತ ಮೊದಲು ನಿನಗೆ ಗೊತ್ತಿರುತ್ತದೆ. ಬಾಯಿಬಿಟ್ಟರೆ, ಷೇರು ಕೊಂಡರೆ ಅದು ನೈತಿಕತೆಯ ಪ್ರಶ್ನೆಯಲ್ಲ, ನೇರ ಅಪರಾಧ. ಲೆಕ್ಕಪತ್ರ ಓದುವ ಆಸೆ ಇದ್ದರೆ ಮಾತ್ರ ಆ ಕಡೆ ಹೋಗು. ಸರ್ಕಾರಿ ವಾರ್ತಾ ವಿಭಾಗದಲ್ಲಿ ಜನರಿಗೆ ಬೇಕಾದ ಮಾಹಿತಿ ಮತ್ತು ಮಂತ್ರಿಗೆ ಬೇಕಾದ ಪ್ರಚಾರ ಒಂದೇ ಮೇಜಿನ ಮೇಲೆ ಬರುತ್ತವೆ. ಸೇವಾ ಸಂಸ್ಥೆಗಳಲ್ಲಿ ಉದ್ದೇಶ ಒಳ್ಳೆಯದಾದ್ದರಿಂದ ಯಾರೂ ಪ್ರಶ್ನೆ ಕೇಳುವುದಿಲ್ಲ, ತೊಂದರೆಯೂ ಅದೇ: ದೇಣಿಗೆ ಬರಲಿ ಅಂತ ಕಾಯಿಲೆ ಬಿದ್ದ ಮಗುವಿನ ಫೋಟೊ ಒಪ್ಪಿಗೆಯಿಲ್ಲದೆ ಹಾಕುತ್ತಾರೆ. ಒಪ್ಪಿಗೆ ಬರವಣಿಗೆಯಲ್ಲಿ, ಅವರ ಭಾಷೆಯಲ್ಲಿ, ಎಲ್ಲೆಲ್ಲಿ ಎಷ್ಟು ಕಾಲ ಬಳಸುತ್ತೇವೆ ಅಂತ ಹೇಳಿ ಪಡೆಯಬೇಕು. ಬೇಡವೆಂದರೂ ಚಿಕಿತ್ಸೆಗೇನೂ ತೊಂದರೆಯಿಲ್ಲ ಅಂತಲೂ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ತಪ್ಪು ನಿಜವಾಗಿ ಹೇಗೆ ನಡೆಯುತ್ತದೆ ಅಂತ ಒಂದು ಕಾಲ್ಪನಿಕ ಹೇಳಿಕೆ ಇಟ್ಟುಕೊಂಡು ನೋಡೋಣ. 20 ಲಕ್ಷ ಗ್ರಾಹಕರಿರುವ ಕಂಪನಿ. 40,000 ಜನರ ಫೋನ್ ನಂಬರು, ಹುಟ್ಟಿದ ದಿನಾಂಕ ಸೋರಿಕೆಯಾಗಿದೆ. ಗೊತ್ತಾಗಿ ಆರು ದಿನ ಆಗಿದೆ. ಮೊದಲ ಕರಡು ಹೀಗೆ ಬರುತ್ತದೆ: "ಶೇ 2ರಷ್ಟು ಗ್ರಾಹಕರ ಕೆಲವು ಮಾಹಿತಿಗೆ ಸಂಬಂಧಿಸಿದ ಘಟನೆಯೊಂದು ಇತ್ತೀಚೆಗೆ ನಮ್ಮ ಗಮನಕ್ಕೆ ಬಂದಿದೆ. ಯಾವುದೇ ಬ್ಯಾಂಕ್ ವಿವರ ಸೋರಿಕೆಯಾಗಿಲ್ಲ." ಪ್ರತಿ ಪದವೂ ನಿಜ. ಒಟ್ಟು ಹೇಳಿಕೆ ಮೋಸ. ಶೇ 2 ಅಂದಾಗ 40,000 ಮರೆಯಾಯಿತು. "ಕೆಲವು ಮಾಹಿತಿ" ಅಂದಾಗ, ವಂಚಕರು ಫೋನ್ ಮಾಡಿ ಹುಟ್ಟಿದ ದಿನಾಂಕ ಹೇಳಿ ನಂಬಿಸಬಹುದು ಅನ್ನುವ ಅಪಾಯ ಮುಚ್ಚಿಹೋಯಿತು. "ಇತ್ತೀಚೆಗೆ" ಅನ್ನುವ ಪದ ಆರು ದಿನಗಳನ್ನು ನುಂಗಿತು. ಬ್ಯಾಂಕ್ ವಿವರದ ಸಾಲು ಓದಿದವನು ನಿಶ್ಚಿಂತೆಯಿಂದ ಮಲಗುತ್ತಾನೆ, ಮರುದಿನ ಫೋನ್ ಬಂದಾಗ ನಂಬುತ್ತಾನೆ.

ತಿದ್ದಿದರೆ ನಾಲ್ಕೇ ವಾಕ್ಯ ಸಾಕು: 40,000 ಗ್ರಾಹಕರ ಫೋನ್ ನಂಬರು, ಹುಟ್ಟಿದ ದಿನಾಂಕ ಸೋರಿಕೆಯಾಗಿದೆ. ಇದು ನಮಗೆ ಗೊತ್ತಾದದ್ದು ಇಂಥ ದಿನ. ನಮ್ಮ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ, ಈ ಸಂಖ್ಯೆಗೆ ತಿಳಿಸಿ. ಹೇಗಾಯಿತು ಅನ್ನುವುದು ಇನ್ನೂ ಗೊತ್ತಾಗಿಲ್ಲ, ಮುಂದಿನ ಮಾಹಿತಿ ಇಂದು ಸಂಜೆ 6ಕ್ಕೆ. ಕಾನೂನು ವಿಭಾಗದವರು "ಗೊತ್ತಾಗಿಲ್ಲ" ಅನ್ನುವುದನ್ನು ಹೊಡೆದುಹಾಕಲು ನೋಡುತ್ತಾರೆ. ಬಿಡಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ಮರುದಿನ ಹೇಳಿಕೆ ಹಿಂಪಡೆಯುವ ಪಾಡು ತಪ್ಪುತ್ತದೆ. ಸಂಜೆ 6ಕ್ಕೆ ಹೊಸದೇನೂ ಇಲ್ಲದಿದ್ದರೂ ಇಲ್ಲ ಅಂತ ಹೇಳಲೇಬೇಕು.

ಎಲ್ಲರೂ ಉದಾಹರಿಸುವ ಟೈಲೆನಾಲ್ ಪ್ರಕರಣವನ್ನು ನಿನಗೂ ಪಾಠದಲ್ಲಿ ಹೇಳಿರುತ್ತಾರೆ. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವು ನಿವಾರಕದ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತರು. ಅದರ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿತು, ಆಮೇಲೆ ಬಿಚ್ಚಿದರೆ ಗೊತ್ತಾಗುವಂಥ ಮೊಹರು ಹಾಕಿ ಮತ್ತೆ ಮಾರುಕಟ್ಟೆಗೆ ಬಂತು. ಪಠ್ಯಗಳು ಇದನ್ನು ಸಂವಹನದ ಗೆಲುವು ಅನ್ನುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಬಾಟಲಿ ಅಂಗಡಿಯಲ್ಲೇ ಬಿಟ್ಟು ಎಷ್ಟು ಚಂದದ ಹೇಳಿಕೆ ಕೊಟ್ಟಿದ್ದರೂ ಉಪಯೋಗವಿರಲಿಲ್ಲ. ತೀರ್ಮಾನ ಆಗುವ ಕೋಣೆಯಲ್ಲಿ ಪಿಆರ್‌ನವರಿಗೆ ಕುರ್ಚಿ ಇದೆಯೇ ಅಂತ ಇಂಟರ್‌ವ್ಯೂನಲ್ಲೇ ಕೇಳು.

ಇನ್ನೂ ಎರಡು ಮೂರು ಪ್ರಶ್ನೆ ಅಲ್ಲೇ ಕೇಳಬಹುದು. ಬೇಡ ಅಂದ ಕ್ಲೈಂಟ್ ಯಾರಾದರೂ ಇದ್ದಾರಾ? ಹೆಸರು ಹೇಳಬೇಕಿಲ್ಲ, ಕಾರಣ ಹೇಳಿದರೆ ಸಾಕು. ಅಂತಿಮ ಹೇಳಿಕೆಗೆ ಒಪ್ಪಿಗೆ ಕೊಡುವವರು ಯಾರು? ತಿಂಗಳ ವರದಿಯಲ್ಲಿ "ಜಾಹೀರಾತು ಮೌಲ್ಯ" ಹಾಕುತ್ತೀರಾ? ಈ ಕೊನೆಯದು ಚಿಕ್ಕ ಪ್ರಶ್ನೆಯಂತೆ ಕಂಡರೂ ಬಹಳ ಹೇಳುತ್ತದೆ. ಸುದ್ದಿ ಬಂದ ಜಾಗದ ಅಳತೆಯನ್ನು ಜಾಹೀರಾತು ದರದಿಂದ ಗುಣಿಸಿ, ಸುದ್ದಿಗೆ ನಂಬಿಕೆ ಹೆಚ್ಚು ಅಂತ ಮತ್ತೆ ಎರಡು ಮೂರು ಪಟ್ಟು ಏರಿಸಿ "ಇಷ್ಟು ಲಕ್ಷದ ಪ್ರಚಾರ" ಅಂತ ತೋರಿಸುವ ಲೆಕ್ಕ ಅದು. ಪಿಆರ್ ಕೆಲಸದ ಪರಿಣಾಮ ಅಳೆಯುವ ತಜ್ಞರು 2010ರ ಬಾರ್ಸಿಲೋನಾ ತತ್ವಗಳಲ್ಲೇ ಅದನ್ನು ತಳ್ಳಿಹಾಕಿದ್ದಾರೆ. ಟೀಕೆಯ ಸುದ್ದಿಗೂ ಅಷ್ಟೇ ಬೆಲೆ ಕಟ್ಟುವ ಲೆಕ್ಕ ಎಂಥ ಲೆಕ್ಕ? ಹೇಳಿಕೆ ಓದಿ ಎಷ್ಟು ಜನ ಸಹಾಯವಾಣಿಗೆ ಫೋನ್ ಮಾಡಿದರು, ಎಷ್ಟು ಜನ ಲಸಿಕೆಗೆ ಹೆಸರು ಬರೆಸಿದರು, ಅದು ಅಳತೆ.

ಅನುಮಾನದ ಕೆಲಸ ಬಂದಾಗ ಮೊದಲೇ ಧ್ವನಿ ಏರಿಸಬೇಡ. "ಈ ಅಂಕಿಯ ಮೂಲ ಕಳಿಸ್ತೀರಾ?" ಅಂತ ಇಮೇಲಿನಲ್ಲಿ ಕೇಳು. ಅರ್ಧದಷ್ಟು ಅನುಮಾನದ ಸಾಲುಗಳು ಅಲ್ಲೇ ಉದುರುತ್ತವೆ, ಯಾಕೆಂದರೆ ಮೂಲ ಇರುವುದಿಲ್ಲ. ಉದುರದಿದ್ದರೆ ಬದಲಿ ವಾಕ್ಯವನ್ನು ನೀನೇ ಬರೆದುಕೊಡು, ಬರಿ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಅದೂ ಆಗದಿದ್ದರೆ ಮೇಲಿನವರಿಗೆ, ಕಾನೂನು ವಿಭಾಗಕ್ಕೆ ಬರೆ. ಅದಕ್ಕೂ ಮಣಿಯದಿದ್ದರೆ ಆ ಕ್ಲೈಂಟ್‌ನಿಂದ ಬಿಡುಗಡೆ ಕೇಳು. ಕೊನೆಗೆ ಕೆಲಸ ಬಿಡುವ ಸ್ವಾತಂತ್ರ್ಯ ಇರಬೇಕಾದರೆ ಮೂರು ತಿಂಗಳ ಖರ್ಚು ಕೈಯಲ್ಲಿರಬೇಕು. ಇದನ್ನು ಯಾವ ಸಂಹಿತೆಯೂ ಹೇಳುವುದಿಲ್ಲ.

ಮೊದಮೊದಲು ಮುಜುಗರವಾಗುವ ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಪತ್ರಿಕಾ ಪ್ರಕಟಣೆಯಲ್ಲಿ ನಿರ್ದೇಶಕರು "ಹೇಳಿದರು" ಅಂತ ಬರುವ ಮಾತುಗಳನ್ನು ಬರೆಯುವವರು ಸಾಮಾನ್ಯವಾಗಿ ನಾವೇ. ಅವರು ಓದಿ, ಬೇಕಾದ್ದು ತಿದ್ದಿ, ಒಪ್ಪಿದ್ದರೆ ಅದು ಅವರ ಮಾತೇ. ಓದದೆ ಹೊರಹೋದರೆ ಅದು ಕಟ್ಟುಕಥೆ. ಒಪ್ಪಿಗೆಯ ಮೇಲ್ ತೆಗೆದಿಡು. ಹಾಗೆಯೇ "ಇಂಥ ಹೊತ್ತಿನವರೆಗೆ ಪ್ರಕಟಿಸಬೇಡಿ" ಅಂತ ಮೇಲೆ ಬರೆದು ಎಲ್ಲರಿಗೂ ಕಳಿಸಿದರೆ ಯಾರಿಗೂ ಕಟ್ಟುಪಾಡಿಲ್ಲ. ಮೊದಲು ಪತ್ರಕರ್ತರು ಒಪ್ಪಬೇಕು, ಆಮೇಲೆ ಕಳಿಸಬೇಕು.

ಕೆಲಸಕ್ಕೆ ಅರ್ಜಿ ಹಾಕುವ ಮೊದಲು ನಾಲ್ಕು ಮಾದರಿ ತಯಾರು ಮಾಡು: ಒಂದು ಪುಟದ ಪ್ರಕಟಣೆ, ಮೊದಲ ಪ್ಯಾರಾದಲ್ಲೇ ಯಾರು, ಏನು, ಯಾವಾಗ ಇರಲಿ. ಪತ್ರಕರ್ತರಿಗೆ 150 ಪದ ಮೀರದ ಮೇಲ್. ಬಿಕ್ಕಟ್ಟಿನ ಮೊದಲ ಗಂಟೆಯ ಹೇಳಿಕೆ. ಆ ಹೇಳಿಕೆ ಓದಿ ಪತ್ರಕರ್ತರು ಕೇಳಬಹುದಾದ ಹತ್ತು ಕಠಿಣ ಪ್ರಶ್ನೆ, ಉತ್ತರ ಸಮೇತ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆ, ಒಂದನ್ನು ನೋಡಿ ಇನ್ನೊಂದಕ್ಕೆ ಇಳಿಸಬೇಡ. ಯಾವ ಅಂಕಿ ಹಾಕಿದರೂ ಅಂಚಿನಲ್ಲಿ ಅದು ಎಲ್ಲಿಂದ ಬಂತು ಅಂತ ಬರೆದಿಡು. ಮೊದಲ ಮಾದರಿ ಸಿದ್ಧವಾದ ಕೂಡಲೇ ನನಗೆ ಕಳಿಸು, ಕೆಂಪು ಶಾಯಿಗೆ ಹೆದರಬೇಡ. ಅಪ್ಪನಿಗೆ ಇನ್ನೂ ಅನುಮಾನವಿದ್ದರೆ ಆ ಹತ್ತು ಪ್ರಶ್ನೆಗಳನ್ನು ಅವರಿಂದಲೇ ಕೇಳಿಸು. ಪತ್ರಕರ್ತರಿಗಿಂತ ಚೆನ್ನಾಗಿ ಕೇಳುತ್ತಾರೆ.

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ.

ನಿನ್ನ,
ಅಕ್ಕ