ಸರೋಜಮ್ಮನವರಿಗೆ, ನಿಮ್ಮೆಲ್ಲರಿಗೂ

ಭಾನುವಾರ ಮಲ್ಲೇಶ್ವರದ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಮೂವತ್ತು ವರ್ಷದ ಹಿಂದೆ ನನ್ನ ಮಗಳನ್ನು ಹೊತ್ತ ಗರ್ಭಕೋಶವೇ ಈ ಕೂಸನ್ನೂ ಹೊತ್ತಿತು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ನನ್ನ ಗರ್ಭಕೋಶ ತೆಗೆದು ಮಗಳಿಗೆ ಕಸಿ ಮಾಡಿದ ಆಪರೇಷನ್ ಕಥೆ ನಿಮಗೆಲ್ಲ ಗೊತ್ತು. ನಾನು ಹೇಳಬೇಕಾದದ್ದು ನನ್ನ ಬೀಗಿತ್ತಿ ಸರೋಜಮ್ಮನವರ ವಿಷಯ.

ಮಗಳಿಗೆ ಹುಟ್ಟಿನಿಂದಲೇ ಗರ್ಭಕೋಶ ಇಲ್ಲ ಎಂದು ಮದುವೆಗೆ ಮುಂಚೆಯೇ ಹೇಳಿದ್ದೆವು. ಸರೋಜಮ್ಮ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. 2018ರಲ್ಲಿ ಪುಣೆಯಲ್ಲಿ ಒಬ್ಬಾಕೆ ತನ್ನ ತಾಯಿಯ ಗರ್ಭಕೋಶದಿಂದಲೇ ಮಗು ಹೆತ್ತ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದವರೂ ಅವರೇ. ನನಗೋ ವಯಸ್ಸಿನ ಭಯ. ಸ್ವೀಡನ್‌ನಲ್ಲಿ 2014ರಲ್ಲಿ ಕಸಿ ಮಾಡಿದ ಗರ್ಭಕೋಶದಿಂದ ಹುಟ್ಟಿದ ಮೊದಲ ಮಗುವಿನ ತಾಯಿಗೆ ಗರ್ಭಕೋಶ ಕೊಟ್ಟಾಕೆಗೆ 61 ವರ್ಷ ಎಂದು ಡಾಕ್ಟರು ಹೇಳಿದ ಮೇಲೆ ಧೈರ್ಯ ಬಂತು.

ಆಪರೇಷನ್ ಆದ ಎರಡನೇ ರಾತ್ರಿ. ಜೋಡಿಸಿದ ರಕ್ತನಾಳದಲ್ಲಿ ರಕ್ತ ಸರಿಯಾಗಿ ಹರಿಯುತ್ತಿಲ್ಲವೇನೋ ಎಂದು ಮಗಳನ್ನು ಸ್ಕ್ಯಾನ್‌ಗೆ ಕರೆದುಕೊಂಡು ಹೋದರು. ನಾನು ಬೇರೆ ವಾರ್ಡಿನಲ್ಲಿ, ಏಳಲಾಗದೆ ಮಲಗಿದ್ದೆ. ಸರೋಜಮ್ಮ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತರು. ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸುತ್ತಿದ್ದರು. ನನಗೆ ನಿದ್ದೆ ಹತ್ತಿದೆ ಅಂದುಕೊಂಡು ಸಣ್ಣ ದನಿಯಲ್ಲಿ ಬೇಡಿಕೊಂಡರು. ‘ಮಗು ಕೊಡ್ದಿದ್ರೂ ಪರವಾಗಿಲ್ಲ ಮಂಜುನಾಥಾ, ಸೊಸೆ ಎದ್ದು ಮನೆಗೆ ಬಂದ್ರೆ ಸಾಕು.’

ಹೆತ್ತ ತಾಯಿ ನಾನು ಆಗ ಏನು ಬೇಡುತ್ತಿದ್ದೆ ಗೊತ್ತಾ? ನಾನು ಕೊಟ್ಟದ್ದು ದಂಡವಾಗದಿರಲಿ ಎಂದು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರೂ ನೀರು ಇಳಿಯಿತು. ನೋವಿರಬೇಕು ಅಂದುಕೊಂಡು ಅವರು ನರ್ಸನ್ನು ಕರೆದರು.

ನಾಲ್ಕೂವರೆಗೆ ಅಳಿಯ ಬಂದು, ಎಲ್ಲ ಸರಿ ಇದೆಯಂತೆ ಅಂದರು. ಸರೋಜಮ್ಮ ಏಳಲು ಹೋದರೆ ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದುಕೊಂಡು ನಿಂತರು.

ಡಾಕ್ಟರು, ನರ್ಸಮ್ಮಂದಿರು, ರಕ್ತ ಕೊಟ್ಟ ಅಳಿಯನ ಗೆಳೆಯರು, ತಿಂಗಳುಗಟ್ಟಲೆ ಸಾರು ಕಳಿಸಿದ ಮೇಲ್ಮನೆಯವರು, ಎಲ್ಲರಿಗೂ ನಮಸ್ಕಾರ. ಕಸಿ ಒಗ್ಗಲು ಕೊಡುವ ಮಾತ್ರೆಯಿಂದ ಮಗಳಿಗೆ ಸೋಂಕಿನ ಭಯ ಜಾಸ್ತಿ ಇತ್ತು. ಹಾಗಾಗಿ ಬಂದವರನ್ನೆಲ್ಲ ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ದೆ. ಬೇಜಾರು ಮಾಡಿಕೊಳ್ಳದ ನಿಮಗೆಲ್ಲ ಇನ್ನೊಂದು ನಮಸ್ಕಾರ. ಈಗ ಒಳಗೆ ಬನ್ನಿ, ಕೂತು ಊಟ ಮಾಡಿ.

ಇನ್ನೂ ಒಂದು ಆಪರೇಷನ್ ಇದೆ. ಆ ಮಾತ್ರೆ ಜೀವನಪೂರ್ತಿ ನುಂಗುವುದು ಒಳ್ಳೆಯದಲ್ಲ, ಅದಕ್ಕೇ ಮಕ್ಕಳಾದ ಮೇಲೆ ಗರ್ಭಕೋಶ ತೆಗೆದುಬಿಡುತ್ತಾರೆ. ಅಂದಿನ ರಾತ್ರಿಗೂ ತಾವೇ ಬರುತ್ತೇನೆ ಎಂದು ಸರೋಜಮ್ಮ ತೊಟ್ಟಿಲು ತೂಗುತ್ತಲೇ ಹೇಳಿದರು. ಈ ಸಲ ಸ್ಟೂಲ್ ಮೇಲೆ ನಾನು ಕೂರುತ್ತೇನೆ, ನೀವು ಮಲಗಿ ಅಂದೆ.