ಪೌರಾಯುಕ್ತರೇ, ಇದು ಬಟ್ಟೆ ಚೀಲ ಅಲ್ಲ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ.

ನಾನು ನಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಚೀಲ ಹೊಲಿಯುವವಳು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಇನ್ಮೇಲೆ ಕಾಟನ್ ಚೀಲಕ್ಕೆ ಬೇಡಿಕೆ ಬರುತ್ತೆ ಅಂತ ನಾವು ಎಂಟು ಜನ ಸಾಲ ಮಾಡಿ ಮೂರು ಹೊಲಿಗೆ ಮಿಷನ್ ಕೊಂಡೆವು. ಒಂದು ವರ್ಷ ಕೈತುಂಬ ಕೆಲಸ ಇತ್ತು. ಆಮೇಲೆ ಬಟ್ಟೆಯ ಹಾಗೆ ಕಾಣುವ, ನೇಯದ ಪ್ಲಾಸ್ಟಿಕ್ಕಿನ ನಾನ್‌ವೋವನ್ ಚೀಲ ಬಂತು, ನಮ್ಮ ಕೆಲಸ ನಿಂತಿತು. ಸಾಲ ತೀರಿಸಲು ನನ್ನ ಬಳೆ ಅಡ ಇಟ್ಟೆ. ಈಗ ಎರಡು ಮಿಷನ್ ಮೇಲೆ ಹಳೇ ಸೀರೆ ಹೊದಿಸಿದ್ದೇವೆ.

"ಇದೂ ಬಟ್ಟೇನೇ ಅಲ್ವಾ ಅಕ್ಕ" ಅಂತಾರೆ ಅಂಗಡಿಯವರು. ಅಲ್ಲ. ಇದರಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಕಾಳು ಕರಗಿಸಿ, ಸಣ್ಣ ತೂತುಗಳಿಂದ ಎಳೆಯಾಗಿ ಬಿಟ್ಟು, ಓಡುವ ಬೆಲ್ಟ್ ಮೇಲೆ ಹರಡಿ, ಬಿಸಿ ರೋಲರ್‌ನಲ್ಲಿ ಒತ್ತುತ್ತಾರೆ. ಚೀಲದ ಮೇಲೆ ಸಾಲಾಗಿ ಕಾಣುವ ಚುಕ್ಕಿ ಆ ರೋಲರ್‌ನ ಗುರುತು. ಅಂಚಿಗೂ ಹೊಲಿಗೆ ಇಲ್ಲ, ಕರಗಿಸಿ ಅಂಟಿಸಿದ್ದು. ಬೆಂಕಿಕಡ್ಡಿ ತೋರಿಸಿ, ಮುದುಡಿ ತೊಟ್ಟಿಕ್ಕುತ್ತದೆ. ಕಾಟನ್ ಬೂದಿಯಾಗುತ್ತದೆ. ಬಟ್ಟೆ ಕ್ಲಿಪ್ ಹಾಕಿಡಲು ಅಂತ ಇಂಥದ್ದೊಂದು ಚೀಲ ಟೆರೇಸಿನಲ್ಲಿ ನೇತುಹಾಕಿದ್ದೆ. ಒಂದು ಬೇಸಿಗೆಯ ಬಿಸಿಲಿಗೆ ಮುಟ್ಟಿದರೆ ಪುಡಿಪುಡಿ. ಗುಡಿಸಲು ಹೋದರೆ ಹಾರಿ ಪಕ್ಕದ ಮನೆ ಹಸುವಿನ ಕಲಗಚ್ಚಿಗೆ ಬಿತ್ತು.

ನಿಯಮ ನಿಮಗೆ ಗೊತ್ತೇ ಇದೆ. ದಪ್ಪ ಎಷ್ಟಿದ್ದರೂ ಪ್ಲಾಸ್ಟಿಕ್ ಕೈಚೀಲ ಬೇಡ ಅನ್ನುತ್ತದೆ ನಮ್ಮ ರಾಜ್ಯದ ಆದೇಶ. ಕೇಂದ್ರದ ನಿಯಮದಲ್ಲೂ 2021ರ ಸೆಪ್ಟೆಂಬರ್ 30ರಿಂದ 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ, ತೆಳು ನಾನ್‌ವೋವನ್ ಚೀಲಕ್ಕೆ ಜಾಗ ಇಲ್ಲ. ಸಂತೆಯಲ್ಲಿ ಸಿಗುವ, ಹಿಡಿಕೆ ಹೊಲಿಯದೆ ಚೀಲವನ್ನೇ ಕತ್ತರಿಸಿ ಹಿಡಿ ಮಾಡಿದ ಡಿ-ಕಟ್, ಡಬ್ಲ್ಯೂ-ಕಟ್ ಚೀಲದೊಳಗೆ ಕೈ ಇಟ್ಟರೆ ಕೈ ಗೆರೆ ಕಾಣುತ್ತದೆ. ಯಾರಾದರೂ ತೂಕ ಹಾಕಿದ್ದಾರಾ?

ಹೋದ ತಿಂಗಳು ಪ್ಲಾಸ್ಟಿಕ್ ವಿರುದ್ಧ ಜಾಗೃತಿ ಕಾರ್ಯಕ್ರಮಕ್ಕೆ ನನ್ನನ್ನು ವೇದಿಕೆಗೆ ಕರೆದಿರಿ. ಶಾಲು ಹೊದಿಸಿ ಹಸಿರು ಚೀಲ ಕೊಟ್ಟಿರಿ. ಕೈಗೆ ಬಂದ ತಕ್ಷಣ ಗೊತ್ತಾಯಿತು, ನಾನ್‌ವೋವನ್. ಮೇಲೆ "ಪ್ಲಾಸ್ಟಿಕ್ ಬಿಡಿ" ಅಂತ ಅಚ್ಚು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಅದೇ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಹೂ ಮಾರುವ ಅಜ್ಜಿಗೆ ಪ್ಲಾಸ್ಟಿಕ್ ಚೀಲ ಇಟ್ಟಿದ್ದಕ್ಕೆ ನಿಮ್ಮವರು ದಂಡ ಹಾಕಿದರು. ಅವಳಿಗೆ ಆ ಚೀಲ ಕೊಟ್ಟ ಹೋಲ್‌ಸೇಲ್ ಅಂಗಡಿ ಎದುರಿಗೇ ಇತ್ತು. ಅಲ್ಲಿಗೆ ಯಾರೂ ಹೋಗಲಿಲ್ಲ. ಇಡೀ ದಿನ ಬಿಸಿಲಲ್ಲಿ ಕೂತ ಅಜ್ಜಿ ಮಾತ್ರ ಸಿಕ್ಕಿದಳಾ ಸ್ವಾಮಿ?

ಅಜ್ಜಿಯನ್ನು ಬಿಡಿ. ಹೋಲ್‌ಸೇಲ್ ಗೋಡೌನಿಗೆ ಹೋಗಿ. ರೋಲ್ ತಯಾರಾಗುವ, ಚೀಲ ಕತ್ತರಿಸುವ ಕಾರ್ಖಾನೆಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಯವರ ಜೊತೆ ತಪಾಸಣೆ ಮಾಡಿ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತುಂಡು ಕತ್ತರಿಸಿ ಚಿನ್ನದಂಗಡಿಯ ತಕ್ಕಡಿಯಲ್ಲಿಡಿ. 0.6 ಗ್ರಾಂ ತೂಗದಿದ್ದರೆ ಅದು 60 ಜಿಎಸ್‌ಎಂ ಅಲ್ಲ. ಮತ್ತೆ ಹೇಳುತ್ತೇನೆ, ಮೊದಲು ಗೋಡೌನಿಗೆ ಹೋಗಿ. ನಿಮ್ಮ ಕಾರ್ಯಕ್ರಮಕ್ಕೆ ಚೀಲ ಬೇಕಾದರೆ ನಮ್ಮ ಸಂಘಕ್ಕೆ ಹೇಳಿ ಕಳಿಸಿ. ನೀವು ಕೊಟ್ಟ ಹಸಿರು ಚೀಲವನ್ನು ಈ ಪತ್ರದ ಜೊತೆ ವಾಪಸ್ ಕಳಿಸಿದ್ದೇನೆ.

ಇಂತಿ,
ಸಂಘದ ಒಬ್ಬ ಸದಸ್ಯೆ