ಸೀಟು ತುಂಬಿದ ಮೇಲಿನ ಕೆಲಸ

ಕೋಲಾರ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಿನ್ನ ಉದ್ದದ ವಾಟ್ಸಾಪ್ ಮೆಸೇಜು ಓದಿದೆ. ಫೋನಿನಲ್ಲಿ ಒತ್ತುತ್ತಾ ಕೂರುವ ತಾಳ್ಮೆ ನನಗಿಲ್ಲ, ಅದಕ್ಕೇ ಈ ಕಾಗದ. ವಿಶ್ವವಿದ್ಯಾಲಯದ ಆಫೀಸಿನಲ್ಲಿ ಪಿ.ಜಿ., ಅಂದರೆ ಎಂ.ಎ.ಯಂಥ ಸ್ನಾತಕೋತ್ತರ ಕೋರ್ಸುಗಳ ಅಡ್ಮಿಷನ್ ಟೇಬಲ್ ನಿನಗೆ ಕೊಟ್ಟಿದ್ದಾರೆ, ಸೀಟು ತುಂಬುತ್ತಿಲ್ಲ, ದಿನಾ ಸಂಜೆ ‘ಇವತ್ತು ಎಷ್ಟಾಯ್ತು’ ಅಂತ ಮೇಲಿನಿಂದ ಫೋನು ಬರುತ್ತದೆ, ಏನು ಮಾಡಲಿ ಅತ್ತೆ ಎಂದು ಕೇಳಿದ್ದೀಯ.

ಕೇಳಿದ ಲೆಕ್ಕ ಕೊಡು. ಅದು ನೌಕರಿ, ಕೊಡಲೇಬೇಕು. ಆದರೆ ಡ್ರಾಯರಿನಲ್ಲಿ ಇನ್ನೊಂದು ಲೆಕ್ಕ ಇಟ್ಟುಕೋ. ಸೇರಿದವರಲ್ಲಿ ಎಷ್ಟು ಮಂದಿ ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಕೂತರು ಅನ್ನುವುದು. ಅದನ್ನು ನಿನ್ನ ಹತ್ತಿರ ಯಾರೂ ಕೇಳುವುದಿಲ್ಲ. ಮಧ್ಯದಲ್ಲೇ ಬಿಟ್ಟು ಹೋದ ಒಬ್ಬ ಹುಡುಗಿ ತನ್ನ ಊರಿನ ಕಾಲೇಜಿನಿಂದ ಮುಂದಿನ ವರ್ಷ ಬರಬೇಕಾದ ನಾಲ್ಕು ಸೀಟನ್ನೂ ಜೊತೆಗೇ ಒಯ್ಯುತ್ತಾಳೆ. ‘ಅಲ್ಲಿಗೆ ಹೋಗಬೇಡ್ರೇ, ಒಂದು ಸಹಿಗೆ ಮೂರು ದಿನ ಅಲೆಸ್ತಾರೆ’ ಅಂತ ಅವಳು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ ಮುಗಿಯಿತು. ನೀನು ಎಷ್ಟು ಫ್ಲೆಕ್ಸ್ ಕಟ್ಟಿಸಿದರೂ ಅದನ್ನು ಅಳಿಸಲು ಆಗುವುದಿಲ್ಲ.

ಫ್ಲೆಕ್ಸ್ ಅಂದೆ ಅಲ್ವಾ, ಆ ಬಣ್ಣದ ಬ್ರೋಷರ್ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಇಲ್ಲ. ಶ್ರೀನಿವಾಸಪುರದ ಹುಡುಗಿಗೆ ಕ್ಯಾಂಪಸ್ಸಿನ ಮರದ ಫೋಟೊ ಬೇಕಿಲ್ಲ. ಸಂಜೆ ಕೊನೇ ಬಸ್ಸು ಎಷ್ಟಕ್ಕೆ, ಹಾಸ್ಟೆಲ್ ಸಿಗುತ್ತಾ, ಫೀಸು ಒಂದೇ ಸಲ ಕಟ್ಟಬೇಕಾ, ಇಷ್ಟು ಅವಳಿಗೆ ಬೇಕು. ಡಿಗ್ರಿ ರಿಸಲ್ಟ್ ಬಂದ ಮೇಲೆ ಓಡಾಡಿದರೆ ತಡವಾಯಿತು. ಮಕ್ಕಳು ಐದನೇ ಸೆಮಿಸ್ಟರಿನಲ್ಲಿ ಇರುವಾಗಲೇ ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಚಿಂತಾಮಣಿ, ಗೌರಿಬಿದನೂರಿನ ಸರ್ಕಾರಿ ಕಾಲೇಜುಗಳಿಗೆ ಹೋಗು. ಹೋಗುವಾಗ ಅದೇ ಕಾಲೇಜಿನಲ್ಲಿ ಓದಿ ಈಗ ನಿಮ್ಮಲ್ಲಿ ಪಿ.ಜಿ. ಮಾಡುತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗು. ನೀನು ಐದು ನಿಮಿಷ ಮಾತಾಡಿ ಹೊರಗೆ ಬಂದುಬಿಡು. ಆಫೀಸಿನವರು ಎದುರಿಗಿದ್ದರೆ ಮಕ್ಕಳು ನಿಜವಾದ ಪ್ರಶ್ನೆ ಕೇಳುವುದಿಲ್ಲ. ಅಪ್ಪ ಅಮ್ಮ ಬಂದರೆ ಬಾಗೇಪಲ್ಲಿ ಕಡೆಯವರ ಹತ್ತಿರ ತೆಲುಗಿನಲ್ಲೇ ಮಾತಾಡು. ಕೆಜಿಎಫ್ ಕಡೆಯವರಿಗೆ ಎರಡು ಮಾತು ತಮಿಳು. ನಿನಗೆ ಎರಡೂ ಬರುತ್ತದೆ, ನಾಚಿಕೆ ಬೇಡ.

ನಿನ್ನ ಪೈಪೋಟಿ ಇರುವುದು ಬೇರೆ ವಿಶ್ವವಿದ್ಯಾಲಯದ ಜೊತೆ ಅಂದುಕೊಂಡಿದ್ದೀಯ. ಮೇಲಿನವರೂ ಹಾಗೇ ಅಂದುಕೊಳ್ಳುತ್ತಾರೆ. ಬೆಳಗ್ಗೆ ಒಂದು ಸಲ ಹೆದ್ದಾರಿ ಪಕ್ಕ ನಿಂತು ನೋಡು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಕಂಪನಿ ಬಸ್ಸುಗಳಲ್ಲಿ ಕೂತಿರುವವರೆಲ್ಲ ನಿನ್ನ ಸೀಟಿನವರೇ. ಹೋಂಡಾ ಗಾಡಿಯೂ ಅಲ್ಲೇ ತಯಾರಾಗುತ್ತದೆ, ಐಫೋನೂ ಅಲ್ಲೇ. ಡಿಗ್ರಿ ಮುಗಿಸಿದ ಹುಡುಗಿಗೆ ತಿಂಗಳ ಸಂಬಳ, ಬಸ್ಸು, ಕ್ಯಾಂಟೀನ್ ಊಟ ಸಿಗುವಾಗ ಎರಡು ವರ್ಷ ಕಾಸು ಖರ್ಚು ಮಾಡಿ ಓದು ಅಂತ ಹೇಳಲು ನಿನ್ನ ಹತ್ತಿರ ಗಟ್ಟಿ ಕಾರಣ ಇರಬೇಕು. ಇನ್ನು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಟ್ರೇನು ಹತ್ತಿ ದಿನಾ ಕೆಲಸಕ್ಕೆ ಹೋಗಿಬರುವವರು ಬೇರೆ. ಫ್ಯಾಕ್ಟರಿ ಕೆಲಸ ಕೀಳು ಅಂತ ಮಾತ್ರ ಯಾರಿಗೂ ಹೇಳಬೇಡ. ಮನೆಯ ಸಾಲ ತೀರಿಸಲು ಹೋಗುವ ಹುಡುಗಿಗೆ ‘ಒಂದೆರಡು ವರ್ಷ ಬಿಟ್ಟೂ ಬರಬಹುದಮ್ಮ, ಬಾಗಿಲು ಮುಚ್ಚಿರಲ್ಲ’ ಅಂತ ಹೇಳಿ ಆಫೀಸಿನ ನಂಬರು ಬರೆದುಕೊಡು. ಹಾಗೆ ಹೋದವರು ವಾಪಸ್ ಬಂದದ್ದನ್ನು ನೋಡಿದ್ದೇನೆ. ಬಂದವರು ಓದುವುದೂ ಬೇರೆ ರೀತಿ.

ಸೀಟು ತುಂಬಿಸುವ ಆತುರಕ್ಕೆ ಸುಳ್ಳು ಹೇಳಬೇಡ. ‘ಎಂ.ಎ. ಆದ ಕೂಡಲೇ ಲೆಕ್ಚರರ್’ ಅನ್ನುವ ಮಾತು ನಿನ್ನ ಬಾಯಲ್ಲಿ ಬರಬಾರದು. ಪಿಯು ಲೆಕ್ಚರರ್ ಆಗಬೇಕಾದರೆ ಎಂ.ಎ. ಜೊತೆಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಹೋಗಬೇಕಾದರೆ 55 ಪರ್ಸೆಂಟ್ ಇರಬೇಕು, ಮೀಸಲಾತಿಯವರಿಗೆ 5 ಸಡಿಲಿಕೆ ಇದೆ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಇದನ್ನು ಅಡ್ಮಿಷನ್ ದಿನವೇ ಹೇಳಿಬಿಡು. ನಾಲ್ಕನೇ ಸೆಮಿಸ್ಟರಿನಲ್ಲಿ ಗೊತ್ತಾದರೆ ಆ ಮಗು ತಯಾರಾಗುವುದು ಯಾವಾಗ?

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಈಗ ಎಲ್ಲ ಸರ್ಕಾರದ ಯುಯುಸಿಎಂಎಸ್ ಅನ್ನುವ ಆನ್‌ಲೈನ್ ಪೋರ್ಟಲ್ಲಿನಲ್ಲೇ ಅಲ್ವಾ. ಹಳ್ಳಿ ಮಕ್ಕಳು ಅದನ್ನು ತುಂಬಿಸುವುದು ಸೈಬರ್ ಸೆಂಟರಿನಲ್ಲಿ. ಆ ಅಂಗಡಿಯವನು ಕೆಲಸ ಬೇಗ ಮುಗಿಯಲಿ ಅಂತ ತನ್ನ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾನೆ. ಓಟಿಪಿ ಅವನಿಗೆ, ಕೌನ್ಸೆಲಿಂಗ್ ಮೆಸೇಜೂ ಅವನಿಗೆ. ಹುಡುಗಿ ಮನೆಯಲ್ಲಿ ಕಾಯುತ್ತಾ ಕೂತಿರುತ್ತಾಳೆ, ನಿಮ್ಮ ಲಿಸ್ಟಿನಲ್ಲಿ ‘ಗೈರು’ ಅಂತ ಬಿದ್ದಿರುತ್ತದೆ. ಒಂದೇ ನಂಬರು ಐದಾರು ಅರ್ಜಿಯಲ್ಲಿ ಕಂಡರೆ ಅದು ಅಂಗಡಿ ನಂಬರು ಅಂತ ತಿಳಿದುಕೋ. ಗೈರಾದವರ ಹೆಸರು ಹೊಡೆದುಹಾಕುವ ಮೊದಲು ಆ ಅಂಗಡಿಗೊಂದು ಫೋನು ಮಾಡು.

ಈಗ ದುಡ್ಡು. ಇದನ್ನು ನಿಧಾನವಾಗಿ ಓದು, ಯಾಕೆಂದರೆ ನಾನು ಕಂಡಂತೆ ಮಕ್ಕಳು ಓದಲಾಗದೆ ಬಿಟ್ಟುಹೋಗುವುದು ಕಡಿಮೆ. ಫೀಸಿನ ತಾರೀಕು ಮೊದಲು ಬರುತ್ತದೆ, ಸ್ಕಾಲರ್‌ಶಿಪ್ ಆಮೇಲೆ ಬರುತ್ತದೆ. ನಡುವಿನ ಆ ತಿಂಗಳುಗಳಲ್ಲೇ ಅವರು ಉದುರಿಹೋಗುತ್ತಾರೆ.

ನಮ್ಮ ಜಿಲ್ಲೆಯ ಮನೆಗಳಿಗೆ ಕಾಸು ಬರುವ ದಾರಿ ನಿನಗೆ ಗೊತ್ತೇ ಇದೆ. ಡೇರಿ ಬಿಲ್ಲು, ರೇಷ್ಮೆಗೂಡು, ಟೊಮೆಟೊ. ಟೊಮೆಟೊಗೆ ಬೆಲೆ ಬಿದ್ದ ವಾರ ನಿಮ್ಮ ಫೀಸಿನ ಕೊನೇ ದಿನ ಇದ್ದರೆ ಆ ವಾರ ಚಲನ್ ಕಟ್ಟುವವರು ಇರುವುದಿಲ್ಲ. ಕೌಂಟರಿನಲ್ಲಿ ಒಬ್ಬ ಅಪ್ಪ ‘ಮೇಡಂ, ಸೋಮವಾರ ಬಿಲ್ಲಾಗುತ್ತೆ, ಅಲ್ಲಿಗಂಟ ತಡೀರಿ’ ಅಂತ ಕೇಳಿದರೆ ಅವನು ಸಬೂಬು ಹೇಳುತ್ತಿಲ್ಲ. ನಿನಗೆ ತಾರೀಕು ಬದಲಾಯಿಸುವ ಅಧಿಕಾರ ಇಲ್ಲ, ಸರಿ. ನೋಟ್ ಶೀಟ್ ಬರೆಯುವ ಅಧಿಕಾರ ಇದೆಯಲ್ಲ? ಕಂತು ಕೊಡಬಹುದು ಎಂದು ಬರೆದು ಕಡತ ಮೇಲೆ ಕಳಿಸು. ಹಿಂದೆ ಹಾಗೆ ಕೊಟ್ಟ ಆದೇಶ ಹಳೇ ಫೈಲಿನಲ್ಲಿ ಸಿಕ್ಕರೆ ಅದರ ಪ್ರತಿ ಹಚ್ಚು. ಮೇಲಿನವರು ಹೊಸದಾಗಿ ಸಹಿ ಮಾಡಲು ಹೆದರುತ್ತಾರೆ, ಹಿಂದೊಬ್ಬರು ಮಾಡಿದ್ದರೆ ಧೈರ್ಯ ಬರುತ್ತದೆ.

ಎಸ್‌ಸಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ 2021ರಲ್ಲಿ ಕೇಂದ್ರದ ಹೊಸ ಮಾರ್ಗಸೂಚಿ ಬಂತು. ಮನೆಯ ವರ್ಷದ ಆದಾಯ 2.5 ಲಕ್ಷದ ಒಳಗಿರಬೇಕು. ಖರ್ಚಿನಲ್ಲಿ 60 ಭಾಗ ಕೇಂದ್ರದ್ದು, 40 ರಾಜ್ಯದ್ದು. ಮುಂಗಡ ಫೀಸಿಲ್ಲದೆ ಸೇರಲು ಫ್ರೀಶಿಪ್ ಕಾರ್ಡ್ ಅನ್ನುವ ಏರ್ಪಾಡೂ ಅದರಲ್ಲಿದೆ. ಆ ಮಾರ್ಗಸೂಚಿ ಪ್ರಿಂಟ್ ತೆಗೆದು ಟೇಬಲ್ ಮೇಲಿಟ್ಟುಕೋ, ಬೇಕಾದ ದಿನ ಹುಡುಕುತ್ತಾ ಕೂರಬೇಡ. ದುಡ್ಡು ನೇರವಾಗಿ ವಿದ್ಯಾರ್ಥಿಯ ಅಕೌಂಟಿಗೇ ಬೀಳುತ್ತದೆ. ಬಿದ್ದ ದಿನವೇ ಅದು ಬೋರ್‌ವೆಲ್‌ಗೋ ಆಸ್ಪತ್ರೆಗೋ ಹೋಗಿಬಿಡಬಹುದು. ಬಯ್ಯಬೇಡ. ದುಡ್ಡು ಬರುವ ಮೊದಲೇ ಮಗುವನ್ನು ಕರೆದು ‘ಇದರಲ್ಲಿ ಇಷ್ಟು ಫೀಸಿನದು, ಇಷ್ಟು ನಿನ್ನದು’ ಅಂತ ಬರೆದುಕೊಡು. ಮನೆಯಲ್ಲಿ ತೋರಿಸಲು ಅವಳಿಗೊಂದು ಕಾಗದ ಬೇಕು.

ಬಂಗಾರಪೇಟೆ ಕಡೆಯ ಒಬ್ಬ ಹುಡುಗಿಯ ಕೇಸು ಹೇಳುತ್ತೇನೆ, ನಿನಗೆ ಇಂಥವು ಬರುತ್ತಲೇ ಇರುತ್ತವೆ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ಲಿನಲ್ಲಿ, ದುಡ್ಡು ಸಂದಾಯವಾಗಿದೆ ಅಂತ ತೋರಿಸುತ್ತಿತ್ತು. ಅವಳ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಬ್ಯಾಂಕಿನವರು ಇಲಾಖೆಗೆ ಹೋಗು ಅಂದಿದ್ದರು, ಇಲಾಖೆಯವರು ಕಾಲೇಜಿಗೆ ಹೋಗು ಅಂದಿದ್ದರು. ನಮ್ಮ ಕೇಸ್ ವರ್ಕರ್ ಬ್ಯಾಂಕಿಗೆ ಹೋಗು ಅಂದ. ಅವಳು ಪ್ಲಾಸ್ಟಿಕ್ ಕವರ್ ಎದೆಗೊತ್ತಿಕೊಂಡು ನಿಂತೇ ಇದ್ದಳು. ನಾನು ಕೂರಿಸಿ ಕೇಳಿದೆ, ‘ಬೇರೆ ಯಾವುದಾದರೂ ಅಕೌಂಟ್ ಇದೆಯಾ?’ ಇಲ್ಲ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಪಿಯುಸಿಯಲ್ಲಿ ಊರಿಗೆ ಯಾರೋ ಬಂದು ಬೆರಳೊತ್ತಿಸಿಕೊಂಡು ಒಂದು ಅಕೌಂಟ್ ಮಾಡಿಕೊಟ್ಟಿದ್ದರು ಅಂದಳು. ದುಡ್ಡು ಅಲ್ಲಿ ಸುಮ್ನೆ ಕೂತಿತ್ತು. ಆಧಾರ್ ಆಧಾರದ ಪಾವತಿ ಅರ್ಜಿಯಲ್ಲಿ ಬರೆದ ಅಕೌಂಟಿಗೆ ಹೋಗುವುದಿಲ್ಲ. ಬ್ಯಾಂಕುಗಳ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಈ ಒಂದು ವಿಷಯ ನಿನ್ನ ಕೌಂಟರಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸು. ಉಳಿದ ತೊಡಕು ಹೆಚ್ಚಾಗಿ ಹೆಸರಿನದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ. ಇಲ್ಲವೇ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದು, ಅದರ ಮೇಲಿನ ಆರ್‌ಡಿ ನಂಬರನ್ನು ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ಅಡ್ಮಿಷನ್ ದಿನವೇ ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ನಿಮಿಷದ ಕೆಲಸ. ಕೊನೇ ವಾರ ಸಿಕ್ಕಿಬಿದ್ದರೆ ಒಂದು ವರ್ಷದ ದುಡ್ಡು ಹೋಯಿತು.

ಹಾಸ್ಟೆಲ್ ಅರ್ಜಿ ಬೇರೆ ಪೋರ್ಟಲ್, ಬೇರೆ ತಾರೀಕು. ಸೀಟು ಸಿಕ್ಕ ಖುಷಿಯಲ್ಲಿ ಮಕ್ಕಳು ಅದನ್ನು ಮರೆಯುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ ತಿಂಗಳಿಗಿಷ್ಟು ದುಡ್ಡು 10 ತಿಂಗಳು ಕೊಡುತ್ತಾರೆ. ಕೋಲಾರದಲ್ಲಿ ಇಬ್ಬರು ಸೇರಿ ರೂಮು ಮಾಡಿದರೆ ಏನೋ ಒಂದಿಷ್ಟು ಒದಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಚಿಂತೆ ಕಡಿಮೆಯಾಗಿದೆ. ಗಂಡುಮಕ್ಕಳ ಪಾಸಿಗೆ ನಿನ್ನ ಸಹಿ, ಸೀಲು ಬೇಕಾದರೆ ಅದೇ ದಿನ ಕೊಟ್ಟುಬಿಡು.

ಬಿಟ್ಟು ಹೋಗುತ್ತೇನೆ ಅಂದವರನ್ನು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟುಕೊಂಡು ಕಟ್ಟಿಹಾಕುವ ಚಾಳಿ ಕೆಲವು ಕಡೆ ಇದೆ. ನಿನ್ನ ಟೇಬಲ್ಲಿನಲ್ಲಿ ಅದು ನಡೆಯಬಾರದು. ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2018ರ ಅಕ್ಟೋಬರಿನಲ್ಲೇ ಹೇಳಿದೆ. ಫೀಸು ವಾಪಸ್ಸಿಗೂ ಅದರಲ್ಲೇ ಲೆಕ್ಕ ಕೊಟ್ಟಿದೆ. ಅಡ್ಮಿಷನ್ ಕೊನೇ ದಿನಕ್ಕೆ 15 ದಿನ ಮೊದಲು ಹೇಳಿದರೆ ಪೂರ್ತಿ, ಆಮೇಲೆ ಇಳಿಯುತ್ತಾ ಹೋಗಿ, ಕೊನೇ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಆಮೇಲೆ ಬೇರೆ ಸುತ್ತೋಲೆ ಬಂದಿದ್ದರೆ ಅದನ್ನು ನೋಡು. ಕೇಳಿದವರಿಗೆ ಬಾಯಲ್ಲಿ ಹೇಳಬೇಡ, ಕಾಗದ ತೋರಿಸು.

ಪಿಎಚ್‌.ಡಿ. ಕಡತಗಳೂ ನಿನ್ನ ಹತ್ತಿರ ಬರುತ್ತವೆ ಅಂದೆ. ಅಲ್ಲಿ ಕಷ್ಟ ಬೇರೆ ತರಹ. ಎಂ.ಎ. ಮಕ್ಕಳು ಅಳುತ್ತಾರೆ, ಇವರು ಅಳುವುದೂ ಇಲ್ಲ, ಮಾಯವಾಗುತ್ತಾರೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅದರ ಮೇಲೆ ಮರುನೋಂದಣಿಯ ಲೆಕ್ಕ ಬೇರೆ. ಹೆಣ್ಣುಮಕ್ಕಳಿಗೆ ಹೆಚ್ಚುವರಿ 2 ವರ್ಷ ಇದೆ, ಹೆರಿಗೆ, ಮಗು ನೋಡಿಕೊಳ್ಳಲು 240 ದಿನದವರೆಗೆ ರಜೆ ಇದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ, ಗೈಡ್‌ಗಳಿಗೂ. ಮಗು ಹುಟ್ಟಿದ ಮೇಲೆ ರಿಜಿಸ್ಟ್ರೇಷನ್ ರದ್ದಾಯಿತು ಅಂದುಕೊಂಡು ಮನೆಯಲ್ಲಿ ಕೂತವರಿದ್ದಾರೆ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಮುಂದೆ ಪ್ರಗತಿ ತೋರಿಸಬೇಕು. ಒಬ್ಬರ ವರದಿ ಎರಡು ಸಲ ಬರಲಿಲ್ಲ ಅಂದರೆ ನೋಟಿಸ್ ಟೈಪು ಮಾಡುವ ಮೊದಲು ಫೋನು ಮಾಡು. ಗೈಡ್ ಜೊತೆ ಮಾತು ನಿಂತಿದೆ ಅನ್ನುವುದು ಸಾಮಾನ್ಯವಾಗಿ ಆಗ ಹೊರಗೆ ಬರುತ್ತದೆ. ಅದರಲ್ಲಿ ನೀನು ನ್ಯಾಯ ಹೇಳಲು ಹೋಗಬೇಡ. ಗೈಡ್ ಬದಲಾವಣೆಗೆ ಅರ್ಜಿ ಯಾರಿಗೆ ಬರೆಯಬೇಕು, ದೂರು ಕೊಡಲು ಯಾವ ಸಮಿತಿ ಇದೆ, ಇಷ್ಟು ಹೇಳು. ಅವರು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಟೀ ಜೊತೆ ಹಂಚಬೇಡ. ನಮ್ಮ ಆಫೀಸುಗಳಲ್ಲಿ ಈ ರೋಗ ಜಾಸ್ತಿ.

ಕೆಲವರು ನಿನ್ನ ಟೇಬಲ್ ಮುಂದೆ ಕೂತು ಬದುಕೇ ಬೇಡ ಅನ್ನುವ ಮಾತು ಆಡಬಹುದು. ಬುದ್ಧಿವಾದ ಹೇಳಬೇಡ. ಒಬ್ಬರನ್ನೇ ಕಳಿಸಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲೇ ಕೂತು ಫೋನು ಹಚ್ಚಿಕೊಡು, ಅದು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವರ ವಿಭಾಗದಲ್ಲಿ ನಂಬಿಕಸ್ಥ ಮೇಷ್ಟ್ರು ಯಾರು ಎಂದು ಕೇಳಿ ಕರೆಸು.

2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆಗುವ ತನಕ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಮಕ್ಕಳು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ತಿದ್ದಿಸಬೇಕಾದರೂ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಓಡಬೇಕಿತ್ತು. ಬೆಳಗಿನ ಬಸ್ಸಿಗೆ ಹೋಗಿ, ಸಂಬಂಧಪಟ್ಟವರು ರಜೆ ಅಂತ ಕೇಳಿ, ರಾತ್ರಿ ವಾಪಸ್. ಈಗ ವಿಶ್ವವಿದ್ಯಾಲಯ ಹತ್ತಿರ ಬಂದಿದೆ. ‘ನಾಳೆ ಬಾ’ ಮಾತ್ರ ಹಾಗೇ ಇದೆ. ಬಾಗೇಪಲ್ಲಿಯಿಂದ ಬಂದವರಿಗೆ ನಾಳೆ ಬಾ ಅನ್ನುವ ಮುಂಚೆ ಇವತ್ತೇ ಯಾಕೆ ಆಗುವುದಿಲ್ಲ ಅಂತ ನಿನ್ನನ್ನು ನೀನೇ ಕೇಳಿಕೋ.

ಕ್ಲಾಸು ಶುರುವಾಗಿ ಒಂದು ತಿಂಗಳಿಗೆ ಪ್ರತಿ ವಿಭಾಗದಿಂದ ಹಾಜರಿ ತರಿಸು. ರಾಗಿ ಕೊಯ್ಲಿನ ಹೊತ್ತಿಗೆ ಇನ್ನೊಂದು ಸಲ ತರಿಸು, ಆಗ ಹುಡುಗರು ಊರಿನಲ್ಲೇ ಉಳಿದುಬಿಡುತ್ತಾರೆ. ಸತತ ಬಾರದವರಿಗೆ ಫೋನು ಮಾಡುವಾಗ ‘ಯಾಕೆ ಬಂದಿಲ್ಲ’ ಅಂತ ಶುರುಮಾಡಬೇಡ, ‘ಏನಾದರೂ ತೊಂದರೆನಾ’ ಅಂತ ಕೇಳು. ಆದರೆ ನಿನ್ನ ಸ್ವಂತ ನಂಬರಿನಿಂದ ಮಾಡಬೇಡ, ರಾತ್ರಿ ಹನ್ನೊಂದಕ್ಕೂ ಫೋನು ಬರುತ್ತದೆ. ವಿಭಾಗಕ್ಕೆ ಒಂದು ಸಿಮ್ಮು, ಒಂದು ಸಾಧಾರಣ ಫೋನು ಕೊಡಿಸಿ ಅಂತ ನಾಳೆಯೇ ಅರ್ಜಿ ಹಾಕು. ಮಂಜೂರಾಗಲು ಹೇಗೂ ಎರಡು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಕ್ಲಾಸು ಶುರುವಾಗಿರುತ್ತದೆ.

ನಿನ್ನ ಅತ್ತೆ